ಜಿಪ್ಸಿ ಎರಡಿಂಚು ಎತ್ತಿದ ಮ್ಯಾಲೆ ಸ್ಟೇರಿಂಗ್ ನಿಲ್ಲವಲ್ದು: ಡ್ಯಾಂಪರ್ ಹಾಕಬೇಕೋ, ಪಿಟ್‌ಮನ್ ಆರ್ಮ್ ಬಗ್ಗಿಸಬೇಕೋ?

ಡೋಣಿದಂಡಿ, ವಿಜಯಪುರ

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ ಜಿಪ್ಸಿ ಕಿಂಗ್, ಫೋರ್ ಬೈ ಫೋರ್, ಪವರ್ ಸ್ಟೇರಿಂಗ್ ಇಲ್ಲ. ಮಾಡಿಸಿದ ಕೆಲಸ ಇಷ್ಟು: ಮುಂದ ಹಿಂದ ಎರಡೂ ಕಡೆ ಶ್ಯಾಕಲ್ (ಪಾಟಾ ಅಂದ್ರ ಪಟ್ಟಿ ಸ್ಪ್ರಿಂಗಿನ ತುದಿ ಚಾಸಿಗೆ ಹಿಡಿಯೋ ಕೊಂಡಿ) 40 ಮಿ.ಮೀ. ಹೆಚ್ಚು ಉದ್ದ, ಪ್ರತಿ ಪಾಟಾ ಕಟ್ಟಿಗೆ ಒಂದೊಂದು ಪ್ಲೇಟ್ ಹೆಚ್ಚಿಗಿ, 205/70 ಆರ್ 15 ಟೈರ್ ತೆಗೆದು 235/75 ಆರ್ 15. ರಿಮ್ ಕಂಪನಿದೇ ಅದ. ಟೈರ್ ಲೆಕ್ಕ ಬಿಟ್ಟು ಚಾಸಿ ಮುಂದ ಹಿಂದ 50 ಮಿ.ಮೀ. ಎದ್ದದ. ಶಾಕ್ ಅಬ್ಸಾರ್ಬರ್, ಬ್ರೇಕ್ ಹೋಸ್ ಹಳೇವು ಹಂಗೇ ಅವ.

ಈಗಿನ ತಕರಾರು:

ಸೋಲಾಪುರ ರೋಡಿಗೆ 60 ದಾಟಿದ್ರ ಗಾಡಿ ಅತ್ತಿತ್ತ ಅಲೀತದ. ತಿರುವಿನ್ಯಾಗ ಕೈ ಬಿಟ್ರ ಸ್ಟೇರಿಂಗ್ ತಾನಾಗಿ ವಾಪಸ್ ಬರಂಗಿಲ್ಲ.

ಒಂದು ತಗ್ಗು ಬಿದ್ರ ಸಾಕು, ಗಾಡಿ ಒಂದೇ ಕಡೆ ಜಗ್ಗತದ.

ನೆಟ್ಟಗ ಹೋಗುವಾಗ ಸ್ಟೇರಿಂಗ್ ಚಕ್ರ ಸುಮಾರು 30 ಡಿಗ್ರಿ ವಾರಿ ನಿಂತಿರ್ತದ.

45-50ರ ಆಸುಪಾಸು ಒಮ್ಮೊಮ್ಮೆ ಮುಂದಿನ ಗಾಲಿ ಎರಡೂ ಥರಥರ ಅಂತಾವ. ಸ್ಪೀಡ್ ಇಳಿಸಿದ್ರ ನಿಲ್ತದ.

ಒಬ್ಬ ಮೇಸ್ತ್ರಿ ಸ್ಟೇರಿಂಗ್ ಡ್ಯಾಂಪರ್ (ನಡುಕ ಹೀರೋ ಸಣ್ಣ ಶಾಕ್) ಹಾಕಿದ್ರ ಎಲ್ಲಾ ಹೋಗ್ತದ ಅಂತಾರ. ಇನ್ನೊಬ್ಬರು ಪಿಟ್‌ಮನ್ ಆರ್ಮ್ (ಸ್ಟೇರಿಂಗ್ ಬಾಕ್ಸಿನಿಂದ ಹೊರಡೋ ತೋಳು) ಕಾಸಿ ಕೆಳಗ ಬಗ್ಗಿಸೋಣ ಅಂತಾರ. ಇದರ ಜೊತಿಗೆ ಎರಿ (ಕಪ್ಪು ಮಣ್ಣು) ಹೊಲದ ಸಲುವಾಗಿ ಪಾಟಾ ಆಕ್ಸಲ್ ಮ್ಯಾಲೆ ಕೂಡಿಸುವ ವಿಚಾರನೂ ಅದ. ಯಾವುದು ಮೊದಲು ಮಾಡಬೇಕು?

---

ಲೇಥ್‌ಕಟ್ಟಿ, ಬೆಳಗಾವಿ

ಎರಡೂ ಬೇಡ, ಸದ್ಯಕ್ಕೆ. ನೀವು ಬರೆದ ನಾಲ್ಕು ತಕರಾರಿಗೆ ನಾಲ್ಕು ಬೇರೆ ಕಾರಣಗಳಿವೆ. ಡ್ಯಾಂಪರ್ ಹಾಕಿದರೆ ನಾಲ್ಕನೆಯದು ಸ್ವಲ್ಪ ದಿನ ಮುಚ್ಚಿಹೋಗುತ್ತದೆ, ಸವೆದ ಭಾಗ ಒಳಗೊಳಗೆ ಸವೆಯುತ್ತಲೇ ಇರುತ್ತದೆ.

ಅಲೆದಾಟ, ವಾಪಸ್ ಬಾರದಿರುವುದು: ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್ (ಗಾಲಿ ಅತ್ತಿತ್ತ ತಿರುಗುವ ಗೂಟ) ಹಿಂದಕ್ಕೆ ಒರಗಿರುವ ಕೋನ, ಕಡಿಮೆಯಾಗಿದೆ. ತಗ್ಗಿನಲ್ಲಿ ಜಗ್ಗುವುದು: ಡ್ರ್ಯಾಗ್ ಲಿಂಕ್ (ಪಿಟ್‌ಮನ್ ಆರ್ಮ್‌ನಿಂದ ನಕಲ್‌ಗೆ, ಅಂದರೆ ಗಾಲಿ ಹೊತ್ತು ತಿರುಗುವ ಭಾಗಕ್ಕೆ, ಹೋಗುವ ರಾಡು) ಓರೆಯಾಗಿದೆ, ಅಂದರೆ ಬಂಪ್ ಸ್ಟಿಯರ್ (ಗಾಲಿ ಏರಿಳಿದಾಗ ತಾನಾಗಿ ತಿರುಗುವುದು). ಚಕ್ರ ವಾರೆ ನಿಲ್ಲುವುದು: ಅದೇ ಡ್ರ್ಯಾಗ್ ಲಿಂಕ್‌ನ ಉದ್ದ ಹೊಂದಿಸಿಲ್ಲ. ನಡುಕ: ಎಲ್ಲೋ ಸವೆತ ಇದೆ, ದೊಡ್ಡ ಟೈರ್ ಅದನ್ನು ಎತ್ತಿ ತೋರಿಸುತ್ತಿದೆ.

ಸವೆತದಿಂದ ಶುರು ಮಾಡಿ. ಅದಿದ್ದರೆ ಮುಂದಿನ ಯಾವ ಅಳತೆಯೂ ನಂಬುವಂಥದ್ದಲ್ಲ. ಗಾಡಿ ನೆಲದ ಮೇಲೇ ಇರಲಿ, ಎಂಜಿನ್ ಬಂದ್. ಒಬ್ಬರು ಸ್ಟೇರಿಂಗನ್ನು ಅತ್ತ ಇತ್ತ ಕೈಯಳತೆಯಷ್ಟು ಅಲ್ಲಾಡಿಸುತ್ತಿರಲಿ, ಇನ್ನೊಬ್ಬರು ಕೆಳಗೆ ಮಲಗಿ ಪ್ರತಿ ಜಾಯಿಂಟ್ ಮೇಲೆ ಬೆರಳಿಟ್ಟು ನೋಡಲಿ: ಟೈ ರಾಡ್ (ಮುಂದಿನ ಎರಡೂ ಗಾಲಿ ಕೂಡಿಸುವ ರಾಡು) ಎಂಡ್‌ಗಳು, ಡ್ರ್ಯಾಗ್ ಲಿಂಕ್‌ನ ಎರಡು ತುದಿ, ಪಿಟ್‌ಮನ್ ಆರ್ಮ್ ಕೂತಿರುವ ಶಾಫ್ಟ್, ಸ್ಟೇರಿಂಗ್ ಬಾಕ್ಸ್ ಚಾಸಿಗೆ ಹಿಡಿದಿರುವ ಬೋಲ್ಟು. ಕಣ್ಣಿಗೆ ಕಾಣದ ಆಟ ಬೆರಳಿಗೆ ಸಿಗುತ್ತದೆ. ಬಾಕ್ಸ್ ಸುತ್ತಲಿನ ಚಾಸಿ ತಗಡನ್ನು ವೈರ್ ಬ್ರಶ್ ಹಾಕಿ ಉಜ್ಜಿ, ಕೂದಲೆಳೆ ಬಿರುಕು ಇದೆಯೇ ನೋಡಿ. ಎತ್ತಿದ ಗಾಡಿ, ದೊಡ್ಡ ಟೈರ್ ಎರಡೂ ಸೇರಿದಾಗ ಈ ಜಾಗಕ್ಕೇ ಹೊಡೆತ.

ಆಮೇಲೆ ಮುಂದಿನ ಆಕ್ಸಲ್ ಜಾಕ್ ಹಾಕಿ ಎತ್ತಿ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರು ಬ್ರೇಕ್ ತುಳಿದು ಹಿಡಿಯಲಿ. ಬ್ರೇಕ್ ತುಳಿದಾಗ ಆಟ ಮಾಯವಾದರೆ ವೀಲ್ ಬೇರಿಂಗ್ ಸಡಿಲ, ಹಾಗೇ ಉಳಿದರೆ ಕಿಂಗ್‌ಪಿನ್ ಬೇರಿಂಗ್ ಹೋಗಿದೆ. ಜಿಪ್ಸಿ ಕಿಂಗ್‌ಪಿನ್‌ಗೆ ಶಿಮ್ (ತೆಳು ತಗಡಿನ ಬಿಲ್ಲೆ) ಇರುತ್ತದೆ. ಟೈ ರಾಡ್ ಕಳಚಿ, ನಕಲ್‌ನ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಸರ್ವಿಸ್ ಪುಸ್ತಕದಲ್ಲಿ ಹೇಳಿರುವ ಎಳೆತ ಬರುವ ತನಕ ಒಂದೊಂದೇ ತೆಳು ಶಿಮ್ ತೆಗೆಯಬೇಕು. ರೋಲರ್ ಮೇಲೆ ಗುಳಿ ಬಿದ್ದಿದ್ದರೆ ಶಿಮ್ ತೆಗೆದು ಬಿಗಿ ಮಾಡಿ ಪ್ರಯೋಜನವಿಲ್ಲ, ಬೇರಿಂಗೇ ಬದಲಿಸಿ.

ಇನ್ನೊಂದು. 235 ಅಗಲದ ಟೈರ್‌ಗೆ ಕನಿಷ್ಠ 6 ಇಂಚಿನ ರಿಮ್ ಬೇಕು. ನಿಮ್ಮ ರಿಮ್ ಮೇಲೆ ಅಚ್ಚೊತ್ತಿರುವ ಅಗಲ ಓದಿ ಇಲ್ಲಿ ಹಾಕಿ. ರಿಮ್ ಕಿರಿದಾದರೆ ಟೈರಿನ ಪಕ್ಕೆ ಬೆಲೂನಿನಂತೆ ಹೊರಳುತ್ತದೆ, ಅದೂ ಅಲೆದಾಟವೇ. ಹಾಗಂತ ಹೊರಚಾಚಿದ ಅಗಲ ರಿಮ್ ಅಥವಾ ಸ್ಪೇಸರ್ ಹಾಕಿದರೆ ಕಿಂಗ್‌ಪಿನ್ ಗೆರೆಗೂ ಟೈರಿನ ನಡುವಿಗೂ ಅಂತರ ಹೆಚ್ಚಿ, ಪ್ರತಿ ಕಲ್ಲಿನ ಏಟು ಕೈಗೇ ಬರುತ್ತದೆ.

ಕೆಳಗಿನ ಅಳತೆ ತಗೊಂಡು ಹಾಕಿ: ಡ್ರ್ಯಾಗ್ ಲಿಂಕ್ ನಡುವಿನಿಂದ ನಡುವಿಗೆ ಎಷ್ಟು ಉದ್ದ, ಪಿಟ್‌ಮನ್ ತುದಿ ನಕಲ್ ತುದಿಗಿಂತ ಎಷ್ಟು ಮೇಲಿದೆ, ಕ್ಯಾಸ್ಟರ್ ಎಷ್ಟು. ಕ್ಯಾಸ್ಟರ್‌ಗೆ ಮಷಿನ್ ಬೇಡ. ಸಪಾಟು ನೆಲ, ಗಾಲಿ ನೇರ, ಕಿಂಗ್‌ಪಿನ್ ಮೇಲಿನ ಮುಚ್ಚಳದ ಚಪ್ಪಟೆ ಮುಖ ಉಜ್ಜಿ ಅದರ ಮೇಲೆ ಗಾಡಿಯ ಉದ್ದಕ್ಕೆ ಡಿಜಿಟಲ್ ಕೋನಮಾಪಕ ಇಡಿ. ನೆಲದ ಓರೆ ಮೊದಲೇ ಅಳೆದು ಕಳೆಯಿರಿ.

---

ಪಾಟಾಪಂಡಿತ, ಬಾಗಲಕೋಟೆ

ಮೇಲಿನವರು ಹೇಳಿದ್ದು ಖರೆ ಐತಿ. ನಾ ಪಾಟಾದ ಮಾತಷ್ಟೇ ಹೇಳ್ತೇನ್ರಿ.

ಶ್ಯಾಕಲ್ 40 ಮಿ.ಮೀ. ಉದ್ದ ಮಾಡಿದ್ರ ಆಕ್ಸಲ್ ಹತ್ರ ಏಳೂದು ಅರ್ಧ, 20 ಮಾತ್ರ. ಇನ್ನೊಂದು ತುದಿ ಚಾಸಿಗೆ ಕಟ್ಟಿಹಾಕಿದ್ದು ಐತೆಲ್ಲ, ಅದಕ್ಕ. ಉಳದ 30 ನಿಮಗ ಕೊಟ್ಟಿದ್ದು ಹೆಚ್ಚಿಗಿ ಪ್ಲೇಟ್. ಈಗ ಕ್ಯಾಸ್ಟರ್ ತಿಂದಾವ್ರು ಯಾರು? ಶ್ಯಾಕಲ್. ಜಿಪ್ಸಿಗೆ ಮುಂದಿನ ಪಾಟಾದ ಶ್ಯಾಕಲ್ ಮುಂದಿನ ತುದಿಗೆ ಇರತೈತಿ. ಅದು ಉದ್ದ ಆದ್ರ ಪಾಟಾದ ಮೂತಿ ಕೆಳಗ ಬಾಗತೈತಿ, ಆಕ್ಸಲ್ ಅದರ ಜೋಡಿ ಮುಂದಕ್ಕ ಹೊರಳತೈತಿ, ಕಿಂಗ್‌ಪಿನ್ನಿನ ತಲಿ ಮುಂದ ಬರತೈತಿ. ತಲಿ ಹಿಂದ ಒರಗಿದ್ರ ಗಾಡಿ ನೆಟ್ಟಗ ಓಡತೈತಿ, ಮುಂದ ಬಂದ್ರ ಹಿಂಗ ಅಲೀತೈತಿ.

ಪಾಟಾದ ಎರಡು ಕಣ್ಣಿನ ನಡುವಿನ ಅಳತಿ ಟೇಪ್ ಹಿಡದು ಹೇಳ್ರಿ, ಎಷ್ಟು ಡಿಗ್ರಿ ಹೋಗೇತಿ ಅಂತ ಲೆಕ್ಕ ಬರತೈತಿ.

ಹೆಚ್ಚಿಗಿ ಹಾಕಿದ ಪ್ಲೇಟ್ ಎಷ್ಟು ದಪ್ಪ? ನಾಲ್ಕು ಪ್ಲೇಟಿಗೆ ಅಷ್ಟೇ ದಪ್ಪದ ಐದನೇದು ಬಂದ್ರ ಬಿರುಸು ಸುಮಾರು 25 ಪರ್ಸೆಂಟ್ ಏರತೈತಿ, ನಡೀತೈತಿ. ಲಾರಿ ಪಾಟಾದ ತುಂಡು ಕೊಯ್ದು ಹಾಕಿದ್ರ ಬ್ಯಾರೇನ ಕಥಿ, ಯಾಕಂದ್ರ ಬಿರುಸು ದಪ್ಪದ ಘನಕ್ಕ ತಕ್ಕಂಗ ಏರತೈತಿ. 6 ಮಿ.ಮೀ. ಪ್ಲೇಟಿನ ಜಾಗಾದಾಗ 7 ಬಂದ್ರ ಆ ಒಂದು ಪ್ಲೇಟ್ ಸುಮಾರು 59 ಪರ್ಸೆಂಟ್ ಹೆಚ್ಚು ಬಿರುಸು. ಅಂಥಾ ಪಾಟಾ ಎರಿ ಹೊಲದಾಗ ಬಾಗೂದ ಇಲ್ಲ, ಒಂದು ಗಾಲಿ ಗಾಳಿಯಾಗ ನಿಂತು ತಿರಗತೈತಿ. ಪ್ಲೇಟಿನ ತುದಿ ಚೌಕಾಗಿ ಕೊಯ್ದು ಹಂಗ ಬಿಟ್ಟಿದ್ರ ಅದು ಮ್ಯಾಲಿನ ಪ್ಲೇಟಿಗೆ ಉಳಿ ಹೊಡದಂಗ ಹೊಡೀತೈತಿ, ಅಲ್ಲೇ ಬಿರುಕು. ತುದಿ ಗುಂಡಗ ಉಜ್ಜಿ, ಅಂಚು ಸವರಿ, ನಡುವ ಪ್ಲಾಸ್ಟಿಕ್ ಪ್ಯಾಡ್ ಇಡ್ರಿ.

ಯು ಬೋಲ್ಟ್ ಒಮ್ಮೆ ಬಿಚ್ಚಿದ್ರ ಹೊಸಾವ ಹಾಕ್ರಿ, ಹಳೇವು ಜಗ್ಗಿ ಉದ್ದ ಆಗಿರತಾವ. ನಾಕೂ ನಟ್ ಅಡ್ಡಡ್ಡ ಬಿಗೀರಿ, 100 ಕಿ.ಮೀ.ಗೆ ಒಮ್ಮೆ, 500ಕ್ಕ ಒಮ್ಮೆ ಮತ್ತ ನೋಡ್ರಿ. ಸಡ್ಲ ಯು ಬೋಲ್ಟಿನ್ಯಾಗ ಸೆಂಟರ್ ಬೋಲ್ಟ್ ಕತ್ತರಿಸಿ ಆಕ್ಸಲ್ ಹಿಂದ ಸರೀತೈತಿ. ಶ್ಯಾಕಲ್ ಬೋಲ್ಟ್ ಕಡೀ ಬಿಗಿ ಮಾತ್ರ ಗಾಡಿ ಗಾಲಿ ಮ್ಯಾಲೆ ನಿಂತಾಗ ಕೊಡ್ರಿ. ಗಾಳಿಯಾಗ ಬಿಗದ್ರ ಬುಶ್ಶಿನ ರಬ್ಬರ್ ತಿರುಚಿಕೊಂಡ ಉಳಿದು ಹರೀತೈತಿ.

---

ಡೋಣಿದಂಡಿ, ವಿಜಯಪುರ

ಅಳತಿ ತಗೊಂಡೆವ್ರಿ.

ಪಾಟಾದ ಕಣ್ಣಿಂದ ಕಣ್ಣಿಗೆ 920 ಮಿ.ಮೀ. ಕ್ಯಾಸ್ಟರ್ ಎಡಕ್ಕ 1, ಬಲಕ್ಕ 1.1 ಡಿಗ್ರಿ. ಡ್ರ್ಯಾಗ್ ಲಿಂಕ್ 800 ಮಿ.ಮೀ., ಪಿಟ್‌ಮನ್ ತುದಿ 110 ಮಿ.ಮೀ. ಮ್ಯಾಲದ. ಹೆಚ್ಚಿಗಿ ಪ್ಲೇಟ್ ಉಳದದ್ದರಷ್ಟೇ ದಪ್ಪ. ರಿಮ್ ಮ್ಯಾಲೆ ಐದೂವರಿ ಅಂತ ಅದ. ಎಡಗಡೆ ಬ್ರೇಕ್ ತುಳದ್ರೂ ಆಟ ಹೋಗವಲ್ದು, ಕಿಂಗ್‌ಪಿನ್ ಬೇರಿಂಗ್ ಆರ್ಡರ್ ಆಗ್ಯದ. ಟೈ ರಾಡ್ ಎಂಡ್ ಒಂದು ಲೊಟಗುಡ್ತದ, ಅದೂ ಬರ್ತದ.

---

ಲೇಥ್‌ಕಟ್ಟಿ, ಬೆಳಗಾವಿ

ನಡುಕದ ಮೂಲ ಸಿಕ್ಕಿತು ಹಾಗಾದರೆ.

ಕ್ಯಾಸ್ಟರ್ ಲೆಕ್ಕ: 920ರಲ್ಲಿ 40 ಮಿ.ಮೀ. ಇಳಿದರೆ ಎರಡೂವರೆ ಡಿಗ್ರಿ. ಕಂಪನಿಯದು ಸುಮಾರು ಮೂರೂವರೆ. ಉಳಿದದ್ದು 1. ನಿಮ್ಮ ಅಳತೆ ಸರಿಯಾಗೇ ಇದೆ.

ಇದಕ್ಕೆ ಎರಡೂವರೆ ಡಿಗ್ರಿಯ ಬೆಣೆ ಕೊಡಬಹುದು. ಮೈಲ್ಡ್ ಸ್ಟೀಲ್, ಪಾಟಾದಷ್ಟೇ ಅಗಲ, 100 ಮಿ.ಮೀ. ಉದ್ದ, ಒಂದು ತುದಿ 4 ಮಿ.ಮೀ., ಇನ್ನೊಂದು 8.4. ಬೆಳಗಾವಿ ಉದ್ಯಮಬಾಗದ ಯಾವ ಮಿಲ್ಲಿಂಗ್ ಮಷಿನ್‌ನಲ್ಲಾದರೂ ಒಂದು ಗಂಟೆ ಕೆಲಸ. ಅಲ್ಯೂಮಿನಿಯಂ ಬೇಡ, ಅದು ನುಜ್ಜಾಗಿ ಯು ಬೋಲ್ಟ್ ಸಡಿಲವಾಗುತ್ತದೆ. ಜಿಪ್ಸಿಯಲ್ಲಿ ಪಾಟಾ ಆಕ್ಸಲ್‌ನ ಕೆಳಗಿದೆ, ಆದ್ದರಿಂದ ದಪ್ಪ ತುದಿ ಮುಂದಕ್ಕೆ ಬರಬೇಕು. ಪಾಟಾ ಆಕ್ಸಲ್ ಮೇಲಿರುವ ಗಾಡಿಗಳಲ್ಲಿ ಇದು ಉಲ್ಟಾ, ದಪ್ಪ ತುದಿ ಹಿಂದಕ್ಕೆ. ಇಂಟರ್‌ನೆಟ್ ಚಿತ್ರ ನೋಡಿ ತಪ್ಪಾಗಿ ಹಾಕಿದರೆ ನಿಮ್ಮ 1 ಡಿಗ್ರಿ ಮೈನಸ್ ಒಂದೂವರೆ ಆಗುತ್ತದೆ. ನಡುವೆ ಸೆಂಟರ್ ಬೋಲ್ಟ್ ತಲೆ ಹೋಗುವ ತೂತು, ಬೋಲ್ಟ್ ತಲೆಯೂ ಅಷ್ಟೇ ಎತ್ತರದ್ದು ಬೇಕು. ಗಾಡಿ 6 ಮಿ.ಮೀ.ನಷ್ಟು ಕೂರುತ್ತದೆ.

ಇನ್ನು ಡ್ರ್ಯಾಗ್ ಲಿಂಕ್. 800ರ ರಾಡು 110 ಓರೆ ಇದ್ದಾಗ ಅದರ ಅಡ್ಡಳತೆ 792.4. ಗಾಲಿ 50 ಮಿ.ಮೀ. ತಗ್ಗಿಗೆ ಇಳಿದರೆ ಓರೆ 160, ಅಡ್ಡಳತೆ 783.8. ಅಂದರೆ 8.6 ಮಿ.ಮೀ. ಎಳೆತ. ನಕಲ್ ತೋಳು 150 ಮಿ.ಮೀ. ಅಂತ ಹಿಡಿದರೆ ಸ್ಟೇರಿಂಗ್ ಮುಟ್ಟದೆಯೇ ಗಾಲಿ ಮೂರು ಡಿಗ್ರಿಗೂ ಹೆಚ್ಚು ತಿರುಗಿತು. ಎತ್ತುವ ಮೊದಲು ಓರೆ 60 ಇದ್ದಾಗ ಇದೇ ತಗ್ಗಿಗೆ 5.3 ಮಿ.ಮೀ., ಎರಡು ಡಿಗ್ರಿ.

ಸ್ಟೇರಿಂಗ್ ವಾರೆ ನಿಂತದ್ದೂ ಇದೇ 5.3 ಮಿ.ಮೀ.ನಿಂದ. ಪಿಟ್‌ಮನ್ 150 ಅಂದರೆ ಎರಡು ಡಿಗ್ರಿ, ಬಾಕ್ಸ್ ಅನುಪಾತ 16ಕ್ಕೆ 1 ಅಂತ ಹಿಡಿದರೆ ಚಕ್ರದಲ್ಲಿ 32 ಡಿಗ್ರಿ. ಇದನ್ನು ಯಾರೂ ಸ್ಟೇರಿಂಗ್ ಚಕ್ರ ಕಿತ್ತು ಬೇರೆ ಹಲ್ಲಿಗೆ ಕೂರಿಸಿ ಸರಿಮಾಡದಿರಲಿ. ಈ ಬಾಕ್ಸ್‌ಗಳು ನಟ್ಟನಡುವೆ ಮಾತ್ರ ಬಿಗಿಯಾಗಿ, ಎರಡೂ ಪಕ್ಕಕ್ಕೆ ಸಡಿಲವಾಗಿ ತಯಾರಾಗಿರುತ್ತವೆ. ಗಾಡಿ ನೇರ ಓಡುವಾಗ ಬಾಕ್ಸ್ ನಡುವಿನಲ್ಲಿಲ್ಲದಿದ್ದರೆ ಸಡಿಲು ಜಾಗದಲ್ಲೇ ಓಡುತ್ತದೆ, ಅಲೆದಾಟಕ್ಕೆ ಇನ್ನೊಂದು ಕಾರಣ. ಬಾಕ್ಸನ್ನು ಕೊನೆಯಿಂದ ಕೊನೆಗೆ ತಿರುಗಿಸಿ ಸುತ್ತು ಎಣಿಸಿ, ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ, ಗಾಲಿ ನೇರ ಮಾಡಿ, ಡ್ರ್ಯಾಗ್ ಲಿಂಕ್‌ನ ಲಾಕ್ ನಟ್ ಸಡಿಲಿಸಿ ಉದ್ದ ಹೊಂದಿಸಿ.

ಕೊನೆಗೆ ಟೋ, ಅಂದರೆ ಮುಂದಿನ ಎರಡು ಗಾಲಿಗಳ ನಡುವಿನ ಅಂತರದಲ್ಲಿ ಮುಂದೆ ಹಿಂದೆ ಇರುವ ವ್ಯತ್ಯಾಸ. ಜಾಕ್ ಹಾಕಿ ಗಾಲಿ ತಿರುಗಿಸುತ್ತಾ ಟೈರಿನ ನಡುವೆ ಮೊಳೆಯಿಂದ ಒಂದು ಗೆರೆ ಎಳೆಯಿರಿ, ಇಳಿಸಿ ನಾಲ್ಕು ಹೆಜ್ಜೆ ಮುಂದೆ ತಳ್ಳಿ, ಹಬ್ ಎತ್ತರದಲ್ಲಿ ಮುಂದೆ ಮತ್ತು ಹಿಂದೆ ಅಳೆಯಿರಿ. ಮುಂದೆ 2ರಿಂದ 4 ಮಿ.ಮೀ. ಕಡಿಮೆ ಇರಲಿ.

ಪಿಟ್‌ಮನ್ ಆರ್ಮ್ ಕಾಸುವ ಮಾತು ಮರೆತುಬಿಡಿ. ಅದು ಫೋರ್ಜ್ ಮಾಡಿ ಹದ ಕೊಟ್ಟ ಉಕ್ಕು. ಕೆಂಪಗೆ ಕಾಸಿದ ಮೇಲೆ ಆ ಹದ ಉಳಿಯುವುದಿಲ್ಲ. ಮುರಿಯುವ ಮೊದಲು ಅದು ಸುಳಿವೂ ಕೊಡುವುದಿಲ್ಲ. ಬೇಕೇ ಬೇಕಾದರೆ ತಯಾರಾಗಿ ಬರುವ ಫೋರ್ಜ್ಡ್ ಡ್ರಾಪ್ ಆರ್ಮ್ ಹಾಕಿ.

---

ಜಾಂಬೋಟಿಮಳಿ, ಖಾನಾಪುರ

ಡ್ರಾಪ್ ಆರ್ಮ್ ವಿಷಯದಲ್ಲಿ ಒಪ್ಪಿಗೆ ಇಲ್ಲ. 50 ಮಿ.ಮೀ. ಕೆಳಗೆ ಜೋತ ತೋಳು ಸೆಕ್ಟರ್ ಶಾಫ್ಟನ್ನು (ಬಾಕ್ಸ್‌ನಿಂದ ಹೊರಬಂದು ತೋಳನ್ನು ತಿರುಗಿಸುವ ಶಾಫ್ಟ್) ತಿರುಗಿಸುವುದಷ್ಟೇ ಅಲ್ಲ, ಪಕ್ಕಕ್ಕೆ ಮುರಿಯುವಂತೆ ಒತ್ತುತ್ತದೆ. ಬಾಕ್ಸ್ ಬುಶ್, ಆಯಿಲ್ ಸೀಲ್, ಚಾಸಿ ಮೂರಕ್ಕೂ ಹೊರೆ. ನಕಲ್ ತುದಿಯನ್ನು ಮೇಲೆತ್ತುವುದು ಒಳ್ಳೆಯ ದಾರಿ: ತೋಳಿನ ತೂತನ್ನು ಟೇಪರ್ ರೀಮರ್‌ನಿಂದ ಮೇಲಿನಿಂದ ಹೊಂದಿಸಿ, ಬುಶ್ ಹಾಕಿ, ರಾಡ್ ಎಂಡನ್ನು ತೋಳಿನ ಮೇಲೆ ಕೂರಿಸುವುದು. ಆದರೆ ಪಾಟಾ ಪೂರ್ತಿ ಒತ್ತಿದಾಗ, ಸ್ಟೇರಿಂಗ್ ಎರಡೂ ಕೊನೆಗೆ ತಿರುಗಿಸಿದಾಗ ರಾಡು ಎಲ್ಲೂ ತಾಗಬಾರದು. ಶಾಕ್ ಅಬ್ಸಾರ್ಬರ್ ಕಳಚಿ ಆಕ್ಸಲ್ ಜಾಕ್‌ನಿಂದ ಬಂಪ್ ಸ್ಟಾಪ್ (ಆಕ್ಸಲ್ ಮೇಲೇರುವುದನ್ನು ತಡೆಯುವ ರಬ್ಬರ್) ತನಕ ಎತ್ತಿ ಇಳಿಸಿ ನೋಡಿದ ಮೇಲೆಯೇ ಸ್ಪ್ಲಿಟ್ ಪಿನ್ ಹಾಕಿ.

ಅದೇ ಹೊತ್ತಿಗೆ ಶಾಕ್ ಅಳತೆಯೂ ಆಗುತ್ತದೆ. ಹಳೇ ಶಾಕ್ ಎತ್ತಿದ ಗಾಡಿಯಲ್ಲಿ ಪೂರ್ತಿ ಬಿಚ್ಚಿಕೊಂಡು ಪಾಟಾವನ್ನು ತಡೆಯುವ ಹಗ್ಗವಾಗುತ್ತದೆ, ಕೊನೆಗೆ ಅದರ ಕೊಂಡಿ ಕೀಳುತ್ತದೆ. ಆಕ್ಸಲ್ ಪೂರ್ತಿ ಜೋತಾಗಿನ ಅಳತೆಗಿಂತ ಶಾಕ್ 20 ಮಿ.ಮೀ. ಉದ್ದ ಬಿಚ್ಚಬೇಕು, ಬಂಪ್ ಸ್ಟಾಪ್ ಅಳತೆಗಿಂತ 20 ಮಿ.ಮೀ. ಗಿಡ್ಡ ಮಡಚಬೇಕು. ಬ್ರೇಕ್ ಹೋಸ್ ಕೂಡ ಆಕ್ಸಲ್ ಜೋತು, ಸ್ಟೇರಿಂಗ್ ಕೊನೆಗೆ ತಿರುಗಿದಾಗ ಬಿಗಿಯಬಾರದು. ಇದು ಮೊದಲ ದಿನವೇ ಆಗಬೇಕಿದ್ದ ಕೆಲಸ.

ಪಾಟಾ ಆಕ್ಸಲ್ ಮೇಲೆ ಕೂರಿಸುವ ಬಗ್ಗೆ: ಸುಮಾರು 5 ಇಂಚು ಏಳುತ್ತದೆ. ಡ್ರ್ಯಾಗ್ ಲಿಂಕ್ ಓರೆ 60ರಿಂದ 190 ಆಗುತ್ತದೆ, ಹೊಸ ಎತ್ತರದ ನಕಲ್ ತೋಳು ಇಲ್ಲದೆ ರಸ್ತೆಗೆ ತರುವ ಮಾತೇ ಇಲ್ಲ. ಮುಂದಿನ ಆಕ್ಸಲ್‌ನಲ್ಲಿ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಸೇರುವ ಮೂತಿ) ಮೇಲೆ ನೋಡುವಂತೆ ಹೊರಳಿಸಿದರೆ ಕ್ಯಾಸ್ಟರ್ ಹೋಗುತ್ತದೆ, ಕ್ಯಾಸ್ಟರ್ ಉಳಿಸಿದರೆ ಪ್ರೊಪೆಲ್ಲರ್ ಶಾಫ್ಟ್ ಕೋನ ಕೆಡುತ್ತದೆ, ಎರಡೂ ಬೇಕೆಂದರೆ ನಕಲ್ ಕತ್ತರಿಸಿ ತಿರುಗಿಸಿ ಬೆಸೆಯಬೇಕು. ಹಿಂದೆ ಪಾಟಾ ಎಸ್ ಆಕಾರಕ್ಕೆ ತಿರುಚದಂತೆ ಒಂದು ತಡೆ ರಾಡು. ಶಾಫ್ಟ್ ಉದ್ದ ಮಾಡಬೇಕು. ಪರ್ಚ್ (ಆಕ್ಸಲ್ ಮೇಲೆ ಪಾಟಾ ಕೂರುವ ಪೀಠ) ಬೆಸೆಯುವಾಗ ಮೊದಲು ಚುಕ್ಕೆ ಬೆಸುಗೆ ಮಾತ್ರ, ಗಾಡಿ ತೂಕ ಇಳಿಸಿ ಪಿನಿಯನ್ ಕೋನ ನೋಡಿ, ಆಮೇಲೆ ಗಿಡ್ಡ ಗಿಡ್ಡ ಬೆಸುಗೆ. ಒಂದೇ ಸಲಕ್ಕೆ ಎಳೆದರೆ ಆಕ್ಸಲ್ ಕೊಳವೆ ಬಾಗುತ್ತದೆ.

ಮಗುಚುವುದನ್ನೂ ಲೆಕ್ಕ ಹಾಕಿ. ಗಾಲಿಗಳ ನಡುವಿನ ಅಗಲ ಸುಮಾರು 1.3 ಮೀಟರ್. ತೂಕದ ನಡುಬಿಂದು 65 ಸೆಂ.ಮೀ. ಎತ್ತರ ಎಂದುಕೊಂಡರೆ 45 ಡಿಗ್ರಿ ಪಕ್ಕದ ಓರೆಗೆ ಮಗುಚುತ್ತದೆ, 78 ಆದರೆ 40ಕ್ಕೇ. ಆಕ್ಸಲ್ ತೂಕ ಕೆಳಗೇ ಉಳಿಯುವುದರಿಂದ ನಿಜಕ್ಕೆ ಇಷ್ಟು ಕೆಡುವುದಿಲ್ಲ, ಪಾಟಾ ಬಾಗಿ ವಾಲುವುದರಿಂದ ಮತ್ತೆ ಅಷ್ಟೇ ಕೆಡುತ್ತದೆ. ಕಾಲುವೆ ಏರಿಯ ಮೇಲೆ ಹೋಗುವವರಿಗೆ ಈ ಐದು ಡಿಗ್ರಿ ಸಣ್ಣದಲ್ಲ.

ಕಾಯ್ದೆ ಬಗ್ಗೆ ಯಾರೂ ಹೇಳಿಲ್ಲ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರ ಬದಲಿಸುವುದಕ್ಕೆ ತಡೆ ಹಾಕುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಇದನ್ನೇ. ಆಕ್ಸಲ್ ಕತ್ತರಿಸಿ ಬೆಸೆದ ಗಾಡಿಯನ್ನು ಸೋಲಾಪುರ ರಸ್ತೆಗೆ ತರಬೇಡಿ.

---

ಪಾಟಾಪಂಡಿತ, ಬಾಗಲಕೋಟೆ

ಬೆಣಿನೂ ಬ್ಯಾಡ, ಡ್ರಾಪ್ ಆರ್ಮೂ ಬ್ಯಾಡ. ಶ್ಯಾಕಲ್ ಹಳೇದ ಹಾಕ್ರಿ. ಎರಡೂವರಿ ಡಿಗ್ರಿ ಪುಕ್ಕಟೆ ವಾಪಸ್ ಬರತೈತಿ, ಹೋಗೂದು 20 ಮಿ.ಮೀ. ಅಷ್ಟ. ಡ್ರ್ಯಾಗ್ ಲಿಂಕ್ ಓರೆನೂ 110 ಇದ್ದದ್ದು 90 ಆಗತೈತಿ. ಉದ್ದ ಶ್ಯಾಕಲ್ ಪಕ್ಕಕ್ಕ ತೂಗತಿತ್ತು, ಅದೂ ನಿಂತು ಹೋಗತೈತಿ. ಆದ್ರ ಮುಂದ ಅಷ್ಟ ಬದಲಿಸಿ ಹಿಂದ ಬಿಡಬ್ಯಾಡ್ರಿ. 2375 ಮಿ.ಮೀ. ವೀಲ್‌ಬೇಸಿಗೆ ಹಿಂದ 20 ಎತ್ತರ ಉಳದ್ರ ಅರ್ಧ ಡಿಗ್ರಿ ಕ್ಯಾಸ್ಟರ್ ಮತ್ತ ಹೋತು.

ಮತ್ತ ಎರಿ ಹೊಲಕ್ಕ ಪಾಟಾ ಎತ್ತಿ ಏನ್ ಸಿಗತೈತ್ರಿ? ಪಾಟಾ ಎತ್ತಿದ್ರ ಏಳೂದು ಚಾಸಿ, ಡಿಫರೆನ್ಷಿಯಲ್ ಅಲ್ಲ. ಮುಧೋಳ ಜಮಖಂಡಿ ಕಡೆ ಕಬ್ಬಿನ ಟ್ರಾಲಿ ತುಳದ ಗಾಲಿಹಾದಿ ನೋಡೀರೆಲ್ಲ, ನಡುವಿನ ದಿಬ್ಬಕ್ಕ ಮೊದಲ ಕೂಡೂದ ಡಿಫ್ ಗುಂಡು. ಅದನ್ನ ಎತ್ತೂದು ಟೈರ್ ಮಾತ್ರ. ನಿಮ್ಮ ಹಳೇ ಟೈರ್ 668 ಮಿ.ಮೀ., ಈಗಿನದು 733. ಅರ್ಧ ಅಂದ್ರ 33 ಮಿ.ಮೀ. ಸಿಕ್ಕೈತಿ. 215/75 ಆರ್ 15 ಹಾಕಿದ್ರ 18 ಸಿಗತಿತ್ತು, ಐದೂವರಿ ರಿಮ್ಮಿಗೂ ಬರೋಬ್ಬರಿ ಕೂಡತಿತ್ತು, ಎರಡಿಂಚು ಎತ್ತೂ ಅವಶ್ಯಕತಿನೂ ಇರಲಿಲ್ಲ. ಈಗ ನಿಮ್ಮ ಮೀಟರ್ 60 ತೋರಿಸಿದ್ರ ಖರೆ ಸ್ಪೀಡ್ 66 ಹತ್ರ, ಅದೂ ನೆನಪಿರಲಿ.

ಎರಿ ಮಣ್ಣು ಹಸಿ ಇದ್ದಾಗ ಟೈರಿನ ಸಂದಿ ತುಂಬಿ ಗಾಲಿ ನುಣ್ಣಗ ರೊಟ್ಟಿ ಹಂಚಾಗತೈತಿ. ಗಾಳಿ 16-18 ಪಿಎಸ್‌ಐಗೆ ಇಳಸ್ರಿ, ಸೆಕೆಂಡ್ ಗೇರಿನ್ಯಾಗ ನಿಲ್ಲದಂಗ ಹೋಗ್ರಿ. ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬ್ರಿ. ರಿಮ್ ಒಳಗ ಮೆತ್ತಿದ ಮಣ್ಣು ಕೆರದು ತಗೀರಿ. ಬರೇ ಅದರಿಂದನೂ 50ಕ್ಕ ಗಾಡಿ ನಡಗತೈತಿ.

---

ಡೋಣಿದಂಡಿ, ವಿಜಯಪುರ

ನಾಕೂ ಕಡೆ ಹಳೇ ಶ್ಯಾಕಲ್ ಕೂತು, ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ಎಂಡ್ ಹೊಸಾವು ಆದ್ವು. ಕ್ಯಾಸ್ಟರ್ 3.4 ಮತ್ತು 3.5. ಬಾಕ್ಸ್ ನಡು ಹಿಡದು ಡ್ರ್ಯಾಗ್ ಲಿಂಕ್ ಹೊಂದಿಸಿ ಟೋ 3 ಮಿ.ಮೀ. ಆಗ್ಯದ. 80ಕ್ಕೂ ನೆಟ್ಟಗ ಓಡ್ತದ, ಸ್ಟೇರಿಂಗ್ ತಾನಾಗಿ ವಾಪಸ್ ಬರ್ತದ. ಶಾಕ್, ಹೋಸ್ ಅಳತಿ ನಡದದ, ಟೈರ್ 215ಕ್ಕ ಇಳಸೂದು. ಈಗ ಒಂದೇ ಹೊಸ ತಕರಾರು: ಫೋರ್ ಹೈ (ನಾಕೂ ಗಾಲಿ ಎಳೆಯೋ ಗೇರ್) ಹಾಕಿ 40 ದಾಟಿದ್ರ ಕೆಳಗ ಗುಂ ಅಂತ ನಡುಕ. ಟೂ ವೀಲ್‌ನ್ಯಾಗ ಇಲ್ಲ. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕ್ರಾಸಿಗೆ ಗ್ರೀಸ್ ಹಾಕಲಿಕ್ಕೆ ಬಿಚ್ಚಿದ್ರು.

---

ಲೇಥ್‌ಕಟ್ಟಿ, ಬೆಳಗಾವಿ

ಬಿಚ್ಚಿದಾಗ ಸ್ಲಿಪ್ ಜಾಯಿಂಟ್ ಪೂರ್ತಿ ಹೊರಗೆ ಬಂದು, ಮತ್ತೆ ಒಂದೆರಡು ಹಲ್ಲು ತಪ್ಪಿ ಕೂತಿದೆ. ಶಾಫ್ಟಿನ ಎರಡೂ ತುದಿಯ ಯೋಕ್ ಕಿವಿಗಳು ಒಂದೇ ಗೆರೆಯಲ್ಲಿರಬೇಕು. ತಪ್ಪಿದ್ದರೆ ಎಳೆದು, ಗೆರೆಗೆ ತಂದು ಕೂರಿಸಿ, ಸುಣ್ಣದಿಂದ ಎರಡು ಭಾಗಕ್ಕೂ ಸೇರಿಸಿ ಒಂದು ಗುರುತು ಹಾಕಿ. ಆಮೇಲೂ ಉಳಿದರೆ ಕ್ರಾಸ್‌ನ ಸೂಜಿ ಬೇರಿಂಗ್ ನೋಡಿ. ಅಂದಹಾಗೆ ಈ ಗಾಡಿಗೆ ನಡುವೆ ಡಿಫರೆನ್ಷಿಯಲ್ ಇಲ್ಲ, ಒಣ ಡಾಂಬರಿನ ಮೇಲೆ ಫೋರ್ ಹೈ ಹಾಕಿ ಪರೀಕ್ಷೆ ಮಾಡಬೇಡಿ, ಮಣ್ಣಿನ ಹಾದಿಗೆ ಹೋಗಿ ನೋಡಿ.

---

ಡೋಣಿದಂಡಿ, ವಿಜಯಪುರ

ಒಂದು ಹಲ್ಲು ತಪ್ಪಿತ್ರಿ. ನಡುಕ ಹೋತು.